ನೀರು ಬಂತು, ಈಜು ಬರಲಿಲ್ಲ

ಕೋಲಾರ ಜಿಲ್ಲೆಯ ಮಕ್ಕಳಿಗೆ ನೀರು ಹೊಸದು. ಸಾವಿರಾರು ಕೆರೆಗಳ ಜಿಲ್ಲೆ ನಮ್ಮದು, ನಿಜ. ಆದರೆ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲಿಲ್ಲ. ನಾನು ಹೈಸ್ಕೂಲಿನಲ್ಲಿ ಪೀಟಿ ಮಿಸ್ ಆಗಿದ್ದ ಕಾಲದಲ್ಲಿ ಕೆರೆ ಅಂದರೆ ಮಕ್ಕಳಿಗೆ ಕ್ರಿಕೆಟ್ ಆಡುವ ಬಯಲು, ಅದರಾಚೆ ಜಾಲಿಮುಳ್ಳಿನ ಪೊದೆ. ಖೋ ಖೋ ಅಭ್ಯಾಸಕ್ಕೆ ನಾವೂ ಕೆರೆಯಂಗಳದಲ್ಲೇ ಗೆರೆ ಎಳೆದುಕೊಳ್ಳುತ್ತಿದ್ದೆವು.

2018ರ ಜೂನ್‌ನಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯಿಂದ ಸಂಸ್ಕರಿಸಿದ ಕೊಳಚೆ ನೀರು ಪೈಪಿನಲ್ಲಿ ಬಂದು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಒಟ್ಟು 126 ಕೆರೆ ತುಂಬಿಸುವ ಯೋಜನೆ ಅದು. 2021ರ ಮಳೆಗೆ, ಕೋಡಿ ಹರಿದದ್ದನ್ನು ಹಳಬರು ಮಾತ್ರ ನೋಡಿದ್ದಂಥ ಕೆರೆಗಳೂ ಕೋಡಿ ಹೋದವು. ಜನ ಬಾಗಿನ ಬಿಟ್ಟರು, ಸೆಲ್ಫಿ ತೆಗೆದುಕೊಂಡರು. ಅದಕ್ಕೂ ಮೊದಲೇ, 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಟೊಮೆಟೊ ತೋಟಗಳ ಮೂಲೆಮೂಲೆಯಲ್ಲಿ ಕೃಷಿ ಹೊಂಡ ಎದ್ದಿದ್ದವು. ಹೀಗೆ ಒಂದೇ ದಶಕದಲ್ಲಿ ಬರದ ಜಿಲ್ಲೆಯ ತುಂಬ ಆಳ ನೀರು. ಆ ನೀರಿಗೆ ಬಿದ್ದರೆ ಏನು ಮಾಡಬೇಕೆಂಬುದನ್ನು ಮಾತ್ರ ಯಾವ ಇಲಾಖೆಯೂ ಯಾರಿಗೂ ಹೇಳಿಕೊಡಲಿಲ್ಲ.

ಹಿಂದೆ ಇದನ್ನು ಇಲಾಖೆ ಹೇಳಿಕೊಡಬೇಕಾಗಿರಲಿಲ್ಲ, ಬಾವಿಗಳಿದ್ದವು. ಶ್ರೀನಿವಾಸಪುರದ ಕಡೆಯ ನಮ್ಮ ಮಾವಿನ ತೋಪಿನಲ್ಲಿ ಒಂದು ಕಪಿಲೆ ಬಾವಿ. ಚಿಕ್ಕಪ್ಪ ನನ್ನ ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಇಳಿಬಿಡುತ್ತಿದ್ದರು. ಕೈಕಾಲು ಹದಕ್ಕೆ ಬಂದ ಮೇಲೆ ಬುರುಡೆ ಬಿಚ್ಚಿದರು, ಆಮೇಲೆ ಹಗ್ಗ. ಅಜ್ಜಿಗೆ ಇದು ಚೂರೂ ಹಿಡಿಸುತ್ತಿರಲಿಲ್ಲ. ಹೆಣ್ಣು ಹುಡುಗಿ ಗಂಡುಹುಡುಗರ ಜೊತೆ ಬಾವಿಗೆ ಇಳಿಯುವುದೇ ಅಂತ. ಊರಿನ ಹುಡುಗರೆಲ್ಲ ಹೀಗೇ ಕಲಿತವರು, ಹುಡುಗಿಯರಲ್ಲಿ ನಾನೊಬ್ಬಳೇ. ಆಮೇಲೆ ಬೋರ್‌ವೆಲ್‌ಗಳು ಬಂದವು, ನೀರು ಸಾವಿರ ಅಡಿಗೂ ಕೆಳಗಿಳಿಯಿತು, ತೆರೆದ ಬಾವಿಗಳು ಬತ್ತಿ ಕಸದ ಗುಂಡಿಯಾದವು. ಬಾವಿಯ ಜೊತೆ ಈಜೂ ಹೋಯಿತು. ಈಗ ನಮ್ಮೂರಲ್ಲಿ ಈಜು ಬಲ್ಲವರು ಯಾರೆಂದು ಹುಡುಕಿದರೆ ಸಿಗುವವರು ಹೆಚ್ಚಾಗಿ ಅರವತ್ತು ದಾಟಿದ ಗಂಡಸರು.

2024ರ ಡಿಸೆಂಬರ್ 10ರಂದು ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಶಾಲಾ ಪ್ರವಾಸ ಅದು. ಮುಂದಿನದು ಗೊತ್ತೇ ಇದೆ: ಶಿಕ್ಷಕರ ಮೇಲೆ ಪ್ರಕರಣ, ಅಮಾನತು, ಕಡಲತೀರ ಬಂದ್, ಕುಟುಂಬಗಳಿಗೆ ಪರಿಹಾರ. ಶಿಕ್ಷಕರ ಹೊಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಅಲೆಯ ಹತ್ತಿರ ಮಕ್ಕಳನ್ನು ಬಿಡಬಾರದಿತ್ತು. ಆದರೆ ಕೆಲಸದಲ್ಲಿದ್ದಾಗ ನಾನೂ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವಳು. ಸಮುದ್ರ ನೋಡಿಯೇ ಇರದ ಬಯಲುಸೀಮೆಯ ಹುಡುಗಿ ಮೊದಲ ಸಲ ಅದರ ಮುಂದೆ ನಿಂತಾಗ ವಿಷಲ್ಲಿಗೆ ಕಿವಿ ಕೊಡುವುದಿಲ್ಲ. ಅವಳ ಕೈಯಲ್ಲಿ ಏನಾದರೂ ಇರಬೇಕಾಗಿತ್ತು. ಹತ್ತನೇ ತರಗತಿಯವರೆಗೆ ನಾವು ಅವಳಿಗೆ ಕಲಿಸಿದ್ದು ‘ನೀರಿನ ಹತ್ತಿರ ಹೋಗಬೇಡ’ ಎಂಬ ಒಂದೇ ಪಾಠ. ಹತ್ತಿರ ಹೋಗಿಬಿಟ್ಟವಳಿಗೆ ಎರಡನೇ ಪಾಠವೇ ಇಲ್ಲ.

ಆ ಎರಡನೇ ಪಾಠವನ್ನು ಬೇಸಿಗೆ ರಜೆಯಲ್ಲಿ, ಹೂಳೆತ್ತಿ ಕಲ್ಲು ಕೂಡಿಸಿದ ಒಂದು ಕಲ್ಯಾಣಿಯಲ್ಲಿ, ನಾನೂ ಊರಿನ ಇನ್ನಿಬ್ಬರು ಹೆಂಗಸರೂ ಸೇರಿ ಹೆಣ್ಣುಮಕ್ಕಳಿಗೆ ಕಲಿಸುತ್ತೇವೆ. ಇದು ಪದಕದ ಈಜಲ್ಲ. ನಮ್ಮ ಹುಡುಗಿಯರಿಗೆ ಬಟರ್‌ಫ್ಲೈ ಗೊತ್ತಿಲ್ಲ, ಸ್ವಿಮ್‌ಸೂಟಿಲ್ಲ. ಯೂನಿಫಾರಂ ಚೂಡಿದಾರದಲ್ಲೇ ಇಳಿಯುತ್ತಾರೆ, ನಾನೇ ಹಾಗೆ ಹೇಳಿರುವುದು. ಹೊಂಡಕ್ಕೆ ಜಾರುವಾಗ ಯಾರೂ ಬಟ್ಟೆ ಬದಲಾಯಿಸಿಕೊಂಡು ಜಾರುವುದಿಲ್ಲವಲ್ಲ. ಒಂದು ಸಲಕ್ಕೆ ನಾಲ್ಕೈದು ಜನರಷ್ಟೇ ನೀರಲ್ಲಿ. ಒಬ್ಬಳು ಹೆಂಗಸು ಬಿದಿರುಕೋಲು ಹಿಡಿದು ಮೆಟ್ಟಿಲ ಮೇಲೆಯೇ ಇರಬೇಕು, ಫೋನ್ ಮುಟ್ಟುವಂತಿಲ್ಲ.

ಮೊದಮೊದಲು ಮುಖ ಅದ್ದಿ ಗುಳುಗುಳು ಗುಳ್ಳೆ ಬಿಡುವುದೇ ಪಾಠ. ಆಮೇಲೆ ಅಂಗಾತ ತೇಲುವುದು. ಕಷ್ಟ ಇರುವುದು ಇಲ್ಲೇ. ಮನೆಯಲ್ಲಿ ತೆಲುಗು ಆಡುವ ಮಕ್ಕಳು ಹೆದರಿದಾಗ ತೆಲುಗಿಗೇ ಹೋಗುತ್ತಾರೆ: ‘ಮುನಿಗಿಪೋತಾನು ಮಿಸ್!’ ಮುಳುಗಿಹೋಗ್ತೀನಿ ಅಂತ. ಹಾಗೆ ಕೂಗುತ್ತಾ ಎರಡೂ ಕೈ ಮೇಲೆತ್ತುತ್ತಾರೆ. ಕೈ ಮೇಲೆತ್ತಿದಷ್ಟೂ ಬಾಯಿ ಕೆಳಗಿಳಿಯುತ್ತದೆ. ಎದೆ ತುಂಬ ಗಾಳಿ ಎಳೆದುಕೊಂಡ ಮೈ ನೀರಿಗಿಂತ ಒಂಚೂರು ಹಗುರ. ನೀರು ನಮ್ಮನ್ನು ಮೇಲಿಡುತ್ತದೆ, ಆದರೆ ತುಸು ಮಾತ್ರ. ಆ ತುಸುವಿನಲ್ಲಿ ಮೂಗು ಬಾಯಿ ಹೊರಗಿರಬೇಕಾದರೆ ತಲೆ ಹಿಂದಕ್ಕೆ ಒರಗಬೇಕು, ಕಿವಿ ಎರಡೂ ನೀರೊಳಗೆ ಹೋಗಬೇಕು, ಕೈ ಅಗಲವಾಗಿ ನೀರಲ್ಲೇ ಇರಬೇಕು. ಬೆನ್ನ ಕೆಳಗೆ ನನ್ನ ಅಂಗೈ ಇರುತ್ತದೆ. ಹುಡುಗಿಗೆ ಹೇಳದೆ ಅದನ್ನು ತೆಗೆಯುತ್ತೇನೆ. ತೇಲುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದಾಗ ಅವಳ ಮುಖ ನೋಡಬೇಕು ನೀವು. ಇಷ್ಟಾದ ಮೇಲೆ ಒಂದಿಷ್ಟು ದೂರ ಕಾಲು ಬಡಿಯುತ್ತಾ ಸಾಗಿ ಮೆಟ್ಟಿಲು ಹಿಡಿಯುವುದನ್ನು ಹೇಳಿಕೊಟ್ಟರೆ ಮುಗಿಯಿತು.

ಮುಗಿಯಿತು ಅಂದೆ, ಮುಗಿಯಲಿಲ್ಲ. ನಮ್ಮಲ್ಲಿ ಒಬ್ಬರು ಮುಳುಗಿದರೆ ಸಾವು ಒಂದಕ್ಕೇ ನಿಲ್ಲುವುದಿಲ್ಲ. ತಂಗಿ ಜಾರಿದಳೆಂದು ಅಕ್ಕ, ಅಕ್ಕನಿಗಾಗಿ ಅಮ್ಮ. ಪತ್ರಿಕೆಯ ಜಿಲ್ಲಾ ಪುಟ ಓದುವವರಿಗೆ ಇದು ಹೊಸ ಸುದ್ದಿಯಲ್ಲ. 2024ರ ನವೆಂಬರ್‌ನಲ್ಲಿ ಮಂಗಳೂರು ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಸತ್ತದ್ದೂ ಹೀಗೇ, ಒಬ್ಬಳನ್ನು ಹಿಡಿಯಲು ಇನ್ನೊಬ್ಬಳು ಹೋಗಿ. ಅದು ಕಡಲೂ ಅಲ್ಲ, ಕೆರೆಯೂ ಅಲ್ಲ, ನೀಲಿ ಟೈಲ್ಸ್ ಹಾಕಿದ ಈಜುಕೊಳ. ಆದ್ದರಿಂದ ನಾನು ಈಜಿನಷ್ಟೇ ಹೊತ್ತು ಎಸೆಯುವುದನ್ನು ಕಲಿಸುತ್ತೇನೆ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಟ್ರಾಕ್ಟರ್ ಟ್ಯೂಬು, ಹಗ್ಗ. ಏನೂ ಇಲ್ಲದಿದ್ದರೆ ಯೂನಿಫಾರಂ ವೇಲುಗಳನ್ನು ಒಂದಕ್ಕೊಂದು ಗಂಟು ಹಾಕಿ, ದಡದಲ್ಲಿ ಹೊಟ್ಟೆ ಮೇಲೆ ಮಲಗಿ ಎಸೆಯುವುದು. ನಿಂತು ಎಳೆಯಬಾರದು, ನಿಂತವಳೂ ಒಳಗೆ ಹೋಗುತ್ತಾಳೆ. ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟಾರೈ ಅಣೆಕಟ್ಟಿನಲ್ಲಿ 2020ರ ಆಗಸ್ಟ್‌ನಲ್ಲಿ ನಾಲ್ವರು ಹುಡುಗರು ಮುಳುಗುತ್ತಿದ್ದಾಗ ಮೂವರು ಹೆಂಗಸರು ಉಟ್ಟ ಸೀರೆ ಬಿಚ್ಚಿ ಎಸೆದು ಇಬ್ಬರನ್ನು ಉಳಿಸಿಕೊಂಡರು. ಈ ಕಥೆ ಹೇಳಿದಾಗ ನಮ್ಮ ಹುಡುಗಿಯರು ಮೊದಲು ಕಿಸಕ್ಕನೆ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಮೇಲೆ ಎತ್ತಿದ ಮೇಲಿನ ಕೆಲಸವೂ ನಮಗೆ ಗೊತ್ತಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 2022ರಲ್ಲಿ, ಮರುವರ್ಷ ಹಾವೇರಿ ಜಿಲ್ಲೆಯಲ್ಲಿ, ಮುಳುಗಿ ಸತ್ತ ಮಕ್ಕಳ ಮೈಯನ್ನು ಮೂಟೆಗಟ್ಟಲೆ ಉಪ್ಪಿನಲ್ಲಿ ಹೂತು ಗಂಟೆಗಟ್ಟಲೆ ಕಾದರು, ಉಸಿರು ಬರುತ್ತದೆ ಅಂತ. ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಅದು. ಆ ತಾಯಿತಂದೆಯರನ್ನು ಹಂಗಿಸುವ ಬಾಯಿ ನನಗಿಲ್ಲ. ನಿಜವಾದ ವಿದ್ಯೆ ಅವರ ಊರಿಗೆ ತಲುಪಿರಲಿಲ್ಲ, ಸುಳ್ಳು ತಲುಪಿತ್ತು. ಉಸಿರು ನಿಂತ ಮಗುವಿನ ಹೊಟ್ಟೆ ಒತ್ತುವುದಲ್ಲ, ತಲೆಕೆಳಗೆ ಮಾಡಿ ತಿರುಗಿಸುವುದಲ್ಲ. ಮೊದಲು ಬಾಯಿಗೆ ಬಾಯಿಟ್ಟು ಉಸಿರು ಊದಬೇಕು, ಆಮೇಲೆ ಎದೆ ಒತ್ತಬೇಕು, ಹಾಗೆ ಮಾಡುತ್ತಲೇ 108ಕ್ಕೆ ಫೋನ್ ಹೋಗಬೇಕು. ಆಶಾ ಕಾರ್ಯಕರ್ತೆಯರಿಗೆ ಒಂದು ಮಧ್ಯಾಹ್ನ ಗೊಂಬೆ ಇಟ್ಟು ಕಲಿಸಿದರೆ ಅವರು ಊರಿಗೇ ಕಲಿಸಬಲ್ಲರು.

ಇದೆಲ್ಲ ಹಣವಿರುವ ದೇಶಗಳ ಮಾತು ಅನ್ನುವವರು ಬಾಂಗ್ಲಾದೇಶ ನೋಡಬೇಕು. ಮನೆಗೊಂದು ಕೊಳವಿರುವ ನಾಡು ಅದು. 2006ರಿಂದ 2010ರವರೆಗೆ ಅಲ್ಲಿನ ಹಳ್ಳಿಗಳಲ್ಲಿ 4ರಿಂದ 12 ವರ್ಷದ ಮಕ್ಕಳಿಗೆ ‘ಸ್ವಿಮ್‌ಸೇಫ್’ ಎಂಬ ಹೆಸರಿನಲ್ಲಿ, ಊರಿನ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ, ಅದೇ ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಕಲಿಸಿದರು. ಅರ್ಧ ನಿಮಿಷ ತೇಲಬೇಕು, 25 ಮೀಟರ್ ಈಜಬೇಕು, ದಡದಿಂದಲೇ ಇನ್ನೊಬ್ಬರನ್ನು ಎಳೆದುಕೊಳ್ಳಬೇಕು, ಅಷ್ಟಾದರೆ ಪಾಸು. ಕಲಿತ ಮಕ್ಕಳಲ್ಲಿ ನೀರಿಗೆ ಬಿದ್ದು ಸಾಯುವುದು ಕಲಿಯದ ಮಕ್ಕಳಿಗಿಂತ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡಿಮೆ ಇತ್ತು. ಲಸಿಕೆಗಳಲ್ಲೂ ಇಂಥ ಅಂಕಿ ಎಲ್ಲದಕ್ಕೂ ಸಿಗುವುದಿಲ್ಲ.

‘ಈಜು ಕಲಿತರೆ ಧೈರ್ಯ ಬಂದು ಕೆರೆಗೆ ಓಡ್ತಾವೆ, ಇರೋ ಭಯಾನೂ ಹೋಗುತ್ತೆ ಮೇಡಂ’ ಎಂದು ಒಬ್ಬ ತಾಯಿ ನನ್ನ ಮುಂದೆಯೇ ಹೇಳಿದ್ದಾಳೆ. ಹುಡುಗರ ವಿಷಯದಲ್ಲಿ ಅವಳ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅದಕ್ಕೇ ಪಾಠದ ಒಂದು ದೊಡ್ಡ ಭಾಗ ಎಲ್ಲಿ ಇಳಿಯಬಾರದು ಎಂಬುದೇ: ಜೆಸಿಬಿ ಮಣ್ಣೆತ್ತಿದ ಕೆರೆಯಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಎರಡಾಳು ಗುಂಡಿ ಇರುತ್ತದೆ, ಮೇಲಿಂದ ಕಾಣುವುದಿಲ್ಲ. ಆದರೂ ಬಾಂಗ್ಲಾದೇಶದ ಲೆಕ್ಕ ಆ ತಾಯಿಯ ಭಯವನ್ನು ಒಪ್ಪುವುದಿಲ್ಲ. ಭಯ ಮಗುವನ್ನು ದಡದಲ್ಲಿ ಇಡಬಹುದು, ಜಾರಿದ ಮೇಲೆ ತೇಲಿಸುವುದಿಲ್ಲ. ದೇಶದಲ್ಲಿ ವರ್ಷಕ್ಕೆ 38 ಸಾವಿರದಷ್ಟು ಜನ ನೀರಲ್ಲಿ ಮುಳುಗಿ ಸಾಯುತ್ತಾರೆ. ಅವರಿಗೆಲ್ಲ ಭಯವಿರಲಿಲ್ಲವೇ?

ಇನ್ನು ತೀರಾ ಸಣ್ಣ ಮಕ್ಕಳು. ಎರಡು ವರ್ಷದ ಕೂಸಿಗೆ ಈಜು ಕಲಿಸುವ ಮಾತು ಬೇಡ, ಅದನ್ನು ನೀರಿನಿಂದ ದೂರ ಇಡುವುದೊಂದೇ ದಾರಿ. ಅಂಗನವಾಡಿ ಸೇರಿಸಿಕೊಳ್ಳುವುದು ಮೂರು ವರ್ಷಕ್ಕೆ. ಅಲ್ಲಿಯವರೆಗೆ ಕೂಲಿ ಮಾಡುವ ತಾಯಿಯ ಮಗು ಹೊಲದ ಬದುವಿನಲ್ಲೇ, ಹೊಂಡದ ಪಕ್ಕದಲ್ಲೇ. ನರೇಗಾ ಕೂಲಿಕಾರರ ಮಕ್ಕಳಿಗೆಂದು ಸರ್ಕಾರ 2023ರ ಬಜೆಟ್‌ನಲ್ಲಿ ‘ಕೂಸಿನ ಮನೆ’ ಘೋಷಿಸಿತು. ಅದರ ಬಾಗಿಲು ಟೊಮೆಟೊ ಬಿಡಿಸಲು ಹೋಗುವ ತಾಯಂದಿರಿಗೂ ತೆರೆಯಲಿ. ಬಾಂಗ್ಲಾದೇಶದವರು ಬೆಳಗಿನ ಹೊತ್ತು ಊರಿನಲ್ಲೇ ಇಂಥ ಮನೆಗಳನ್ನು ನಡೆಸಿಯೂ ಸಾವು ಇಳಿಸಿದರು.

ಎಲ್ಲಿ ಕಲಿಸುವುದು ಎಂಬುದು ನಮ್ಮ ಜಿಲ್ಲೆಯ ನಿಜವಾದ ತೊಡಕು. ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಗೆ ನಾನು ಮಕ್ಕಳನ್ನು ಇಳಿಸಲಾರೆ. ಅದನ್ನು ಮೂರನೇ ಹಂತಕ್ಕೆ ಶುದ್ಧೀಕರಿಸಿ ಎಂಬ ಜಗಳ ಎಷ್ಟೋ ವರ್ಷಗಳಿಂದ ನಡೆದಿದೆ. ಕೃಷಿ ಹೊಂಡವಂತೂ ಬೇಡವೇ ಬೇಡ. ಉಳಿಯುವುದು ಕಲ್ಯಾಣಿಗಳು. ಮೆಟ್ಟಿಲಿವೆ, ಆಳ ಹಂತಹಂತವಾಗಿ ಇಳಿಯುತ್ತದೆ, ದಡದಲ್ಲಿ ನಿಂತವರಿಗೆ ನೀರಲ್ಲಿರುವ ಎಲ್ಲರೂ ಕಾಣುತ್ತಾರೆ. ದೇವಸ್ಥಾನದ ಕಲ್ಯಾಣಿಗೆ ಎಲ್ಲ ಜಾತಿಯ ಮಕ್ಕಳೂ ಇಳಿಯುತ್ತಾರೆಯೇ ಎಂದು ಯಾರಾದರೂ ಮೆಲ್ಲಗೆ ಕೇಳಿಯೇ ಕೇಳುತ್ತಾರೆ. ಇಳಿಯಲೇಬೇಕು, ಇಳಿಯದಿದ್ದರೆ ಸರ್ಕಾರಿ ದುಡ್ಡಿನಲ್ಲಿ ಅದರ ಹೂಳೆತ್ತಿದ್ದು ಯಾತಕ್ಕೆ? ಹೋಬಳಿಗೊಂದು ಕಲ್ಯಾಣಿ, ಏಪ್ರಿಲ್ ಮೇ ತಿಂಗಳು, ಹುಡುಗಿಯರಿಗೆ ಹೆಂಗಸರೇ ಕಲಿಸುವ ಏರ್ಪಾಡು. ದೈಹಿಕ ಶಿಕ್ಷಕರ ಖಾಲಿ ಹುದ್ದೆ ತುಂಬುವವರೆಗೆ ಕಾಯುವುದಾದರೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಇದು ಆಗುವುದಿಲ್ಲ. ಸ್ತ್ರೀಶಕ್ತಿ ಸಂಘದ ಗಟ್ಟಿ ಹೆಂಗಸರನ್ನು ಆರಿಸಿ ತರಬೇತಿ ಕೊಡಿ, ಗೌರವಧನ ಕೊಡಿ.

ಕೃಷಿ ಹೊಂಡ ಬೇಡ ಅಂದದ್ದಕ್ಕೆ ಕಾರಣ ಹೇಳಿಬಿಡುತ್ತೇನೆ. ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪ್ಲಾಸ್ಟಿಕ್ ಶೀಟು, ಶೀಟಿನ ಮೇಲೆ ಪಾಚಿ. ಒಳಗೆ ಬಿದ್ದವನಿಗೆ ಈಜು ಬಂದರೂ ಮೇಲೆ ಹತ್ತಲು ಹಿಡಿತವಿಲ್ಲ. ಈಜುಗಾರನೂ ಅಲ್ಲಿ ಸುಸ್ತಾಗಿ ಮುಳುಗುತ್ತಾನೆ. ಹೊಂಡದ ಸುತ್ತ ತಂತಿ ಬೇಲಿಗೆ ಈಗ ಸಹಾಯಧನವಿದೆ, ಒಳ್ಳೆಯದು. ಆದರೆ ಎಷ್ಟೋ ಹಳೆಯ ಹೊಂಡಗಳಿಗೆ ಬೇಲಿಯೇ ಇಲ್ಲ, ಇದ್ದ ಕಡೆಯೂ ಪೈಪು ಇಳಿಸಲು ಬೇಲಿ ಸರಿಸಿ ಹಾಗೇ ಬಿಟ್ಟಿರುತ್ತಾರೆ. ಎರಡು ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ನೈಲಾನ್ ಹಗ್ಗವನ್ನು ಹೊಂಡದ ತಳದವರೆಗೆ ಎರಡು ಕಡೆ ಇಳಿಬಿಟ್ಟರೆ, ಒಂದು ಹಳೇ ಟ್ಯೂಬನ್ನು ನೀರಿನ ಮೇಲೆ ಕಟ್ಟಿಬಿಟ್ಟರೆ, ಆಗುವ ಖರ್ಚು ಆ ಪ್ಲಾಸ್ಟಿಕ್ ಶೀಟಿನ ಬೆಲೆಯ ಮುಂದೆ ಏನೇನೂ ಅಲ್ಲ. ಹೊಂಡದ ಬಿಲ್ ಪಾಸಾಗುವ ಮೊದಲು ಕೃಷಿ ಇಲಾಖೆಯವರು ಹೇಗೂ ಬಂದು ಫೋಟೊ ತೆಗೆಯುತ್ತಾರೆ. ಆ ಫೋಟೊದಲ್ಲಿ ಬೇಲಿಯ ಜೊತೆ ಹಗ್ಗವೂ ಕಾಣದಿದ್ದರೆ ಬಿಲ್ ತಡೆಯಿರಿ.