ಕುಸ್ವಾರ್ ನಮ್ಮ ಕೌಂಟರಿಗೆ ಬರಲಿ, ನಮ್ಮ ಬಾಣಲೆಗೆ ಬೇಡ

ಡಿಸೆಂಬರ್ ತಿಂಗಳು ಬಂತೆಂದರೆ ಮುಂಬಯಿಯ ನಮ್ಮ ಹೋಟೆಲುಗಳ ಗಲ್ಲಾದ ಪಕ್ಕದಲ್ಲಿ ಕೇಕಿನ ಡಬ್ಬಿಗಳು ಸಾಲಾಗಿ ಕುಳಿತುಕೊಳ್ಳುತ್ತವೆ. ಇದೇನೂ ಹೊಸತಲ್ಲ. ಈಗ ಕೆಲವೆಡೆ ಕೇಕಿನ ಜತೆಗೆ ‘ಕುಸ್ವಾರ್’ ಎಂದು ಚೀಟಿ ಅಂಟಿಸಿದ ಪ್ಯಾಕೆಟುಗಳೂ ಕಾಣಿಸುತ್ತವೆ. “ಚಕ್ಕುಲಿ ಕರಿಯುವ ನಮ್ಮ ಭಟ್ಟರಿಗೆ ಕಿಡಿಯೊ ಕರಿಯಲು ಬಾರದೇ?” ಎಂದು ಕೇಳುವ ಉದ್ಯಮ ಬಾಂಧವರಿದ್ದಾರೆ. ನಾವೂ ಒಂದು ವರ್ಷ ಹಾಗೆಯೇ ಕೇಳಿದವರು, ಮಾಡಿಯೂ ನೋಡಿದವರು. ಆ ಅನುಭವದಿಂದಲೇ ನಾಲ್ಕು ಮಾತು ಹೇಳಬೇಕೆನಿಸಿದೆ.

ಕರಾವಳಿಯವರಿಗೆ ಕುಸ್ವಾರಿನ ಪರಿಚಯ ಬೇಕಿಲ್ಲ. ಬೇರೆ ಜಿಲ್ಲೆಗಳಿಂದ ಬಂದ ಬಾಂಧವರಿಗಾಗಿ ಹೇಳುವುದಾದರೆ, ಇದು ಮಂಗಳೂರು ಕಡೆಯ ಕೆಥೊಲಿಕ್ ಕ್ರೈಸ್ತರು ಕ್ರಿಸ್ಮಸ್ ಹಬ್ಬಕ್ಕೆ ಮನೆಯಲ್ಲೇ ತಯಾರಿಸುವ ತಿಂಡಿಗಳ ಒಟ್ಟು ಹೆಸರು. ಹುಳುವಿನಂತೆ ಸುರುಳಿಯಾಗಿರುವ ಕಿಡಿಯೊ; ಇದನ್ನೇ ಮುಂಬಯಿಯ ಈಸ್ಟ್ ಇಂಡಿಯನ್ನರೂ ಗೋವೆಯವರೂ ಕುಲ್‌ಕುಲ್ ಎನ್ನುತ್ತಾರೆ. ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸಿ ಮಾಡುವ ಗುಲಾಬಿ ಹೂವಿನಂಥ ಕೊಕ್ಕಿಸಾಂ. ಕೇರಳದವರಿಗೆ ಇದು ಅಚ್ಚಪ್ಪಂ. ಅಕ್ಕಿ ಹಿಟ್ಟು, ತೆಂಗಿನಕಾಯಿಯ ಗುಳಿಯೊ. ನಮ್ಮ ಕರ್ಜಿಕಾಯಿಯ ದಾಯಾದಿಯಾದ ನೆವ್ರಿ. ಜತೆಗೆ ಎಳ್ಳುಂಡೆ, ಚಕ್ಕುಲಿ, ಹಣ್ಣಿನ ಕೇಕು. ಓವನ್ ಇಲ್ಲದ ಮನೆಗಳಲ್ಲಿ ಬೇರೆಲ್ಲವನ್ನೂ ಬಾಣಲೆಯಲ್ಲಿ ಮುಗಿಸಿ, ಕೇಕಿನ ಹಿಟ್ಟನ್ನು ಮಾತ್ರ ಬೇಕರಿಗೆ ಒಯ್ದು ಬೇಯಿಸಿ ತರುತ್ತಿದ್ದರು.

ಕ್ರೈಸ್ತರ ಹಬ್ಬದ ತಿಂಡಿಗಳಲ್ಲಿ ಹಲವಕ್ಕೆ ಒಂದೊಂದು ಅರ್ಥವಿದೆ. ಜರ್ಮನಿಯ ಸ್ಟೋಲನ್ ಎಂಬ ಹಣ್ಣಿನ ಬ್ರೆಡ್ಡಿನ ಮೇಲೆ ಬಿಳಿ ಸಕ್ಕರೆ ಪುಡಿ ಮುಚ್ಚುವುದು ಬಟ್ಟೆಯಲ್ಲಿ ಸುತ್ತಿದ ಬಾಲ ಯೇಸುವಿನ ಸಂಕೇತವೆನ್ನುತ್ತಾರೆ. ಗುಡ್ ಫ್ರೈಡೆಯ ಬನ್ನಿನ ಮೇಲೆ ಶಿಲುಬೆಯ ಗುರುತಿರುತ್ತದೆ. ಕುಸ್ವಾರಿನ ಅರ್ಥ ಇರುವುದು ಆಕಾರದಲ್ಲಲ್ಲ, ಕೂಡಿ ಮಾಡುವುದರಲ್ಲಿ ಮತ್ತು ಹಂಚುವುದರಲ್ಲಿ. ರಾತ್ರಿ ಊಟವಾದ ಮೇಲೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಸುತ್ತ ಕುಳಿತು, ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಕಿಡಿಯೊ ಸುತ್ತುತ್ತಾರೆ. ಹಬ್ಬಕ್ಕೆ ತಟ್ಟೆಯಲ್ಲಿ ಎಲ್ಲ ಬಗೆಯನ್ನೂ ಇಟ್ಟು, ಮೇಲೆ ಬಟ್ಟೆ ಮುಚ್ಚಿ, ನೆರೆಮನೆಗಳಿಗೆ ಕಳುಹಿಸುತ್ತಾರೆ. ಊರಿನಲ್ಲಿ ಪರ್ಬುಗಳ ಮನೆಯ ಆ ತಟ್ಟೆಗೆ ಕಾದು ಕುಳಿತವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ನಮ್ಮ ತಾಯಂದಿರು ಆ ತಟ್ಟೆಯನ್ನು ಬರಿದಾಗಿ ಹಿಂತಿರುಗಿಸುತ್ತಿರಲಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಿದ್ದರು. ಅಷ್ಟಮಿಗೆ ನಮ್ಮ ಮನೆಯ ಉಂಡೆ, ಚಕ್ಕುಲಿ ಅವರಲ್ಲಿಗೆ ಹೋಗುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾವು ಮಾಡಿದ್ದೇನು? ಮೈದಾ, ರವೆ ಕಲಸಿದೆವು. ತೆಂಗಿನ ಹಾಲಿನ ಬದಲು ನೀರು, ತುಪ್ಪದ ಬದಲು ವನಸ್ಪತಿ. ಸುತ್ತಲು ಸಮಯವಿಲ್ಲವೆಂದು ಶಂಕರಪಾಳಿಯಂತೆ ಚೂರಿಯಿಂದ ಕತ್ತರಿಸಿದೆವು. ಸಂಜೆಯ ವಡೆ ಕರಿದ ಬಾಣಲೆಗೇ ಬಿಟ್ಟೆವು. ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ನಕ್ಷತ್ರದ ಚಿತ್ರ ಅಂಟಿಸಿ, ಕುಸ್ವಾರ್ ಎಂದು ಬರೆದೆವು. ಎರಡು ದಿನದಲ್ಲಿ ಮಾಲು ಖಾಲಿಯಾಯಿತು. ಬಹಳ ಖುಷಿಯಾಗಿತ್ತು.

ಮೂರನೆಯ ದಿನ ನಮ್ಮ ಹಳೆಯ ಗಿರಾಕಿಯೊಬ್ಬರು ಬಂದರು. ಬೆಳ್ಮಣ್ಣು ಕಡೆಯವರು, ಬೆಳಗಿನ ಚಹಾಕ್ಕೆ ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿಗೇ ಬರುವವರು. ಪತ್ನಿ ತೀರಿಕೊಂಡ ಮೇಲೆ ಮನೆಯಲ್ಲಿ ಕುಸ್ವಾರ್ ಮಾಡುವವರಿರಲಿಲ್ಲ. ಹಾಗಾಗಿ ನಮ್ಮ ಡಬ್ಬಿ ಕೊಂಡೊಯ್ದು ಮೊಮ್ಮಕ್ಕಳ ಮುಂದೆ ಇಟ್ಟಿದ್ದರು. ಡಬ್ಬಿಯನ್ನು ಗಲ್ಲಾದ ಮೇಲಿಟ್ಟು ಮೆತ್ತಗೆ ಹೇಳಿದರು: “ಹಣ ವಾಪಸು ಬೇಡ ಶೆಟ್ರೇ. ತಿಂಡಿ ಕೆಟ್ಟದ್ದೂ ಅಲ್ಲ. ಆದರೆ ಬೇರೆ ಏನಾದರೂ ಹೆಸರಿಟ್ಟು ಮಾರಿ. ಮಕ್ಕಳು ಇದೇ ಕುಸ್ವಾರ್ ಎಂದು ತಿಳಿದುಕೊಳ್ಳುತ್ತಾರೆ.”

ಅವರು ಜಗಳ ಮಾಡಿದ್ದರೆ ಮರೆತುಬಿಡುತ್ತಿದ್ದೆವೇನೋ. ಆ ಮಾತು ಮಾತ್ರ ಮನಸ್ಸಿನಲ್ಲೇ ಉಳಿಯಿತು. ಉಡುಪಿಯ ದಾರಿಯನ್ನೇ ಕಾಣದವರು ‘ಉಡುಪಿ’ ಬೋರ್ಡು ಹಾಕಿ, ಸಕ್ಕರೆ ಸುರಿದ ಸಾಂಬಾರು, ಸೋಡಾ ಹಾಕಿ ಉಬ್ಬಿಸಿದ ಇಡ್ಲಿ ಮಾರುವಾಗ ನಮಗೆ ಎಷ್ಟು ಸಿಟ್ಟು ಬರುತ್ತದೆ! ನಮ್ಮ ಹಿರಿಯರ ಹೆಸರು ಕೆಡಿಸಿದರೆಂದು ಸಭೆಗಳಲ್ಲಿ ಮಾತನಾಡುತ್ತೇವೆ. ಹಾಗಿದ್ದ ಮೇಲೆ ಇನ್ನೊಬ್ಬರ ಮನೆಯ ಹೆಸರನ್ನು ನಮ್ಮ ಅವಸರದ ಮಾಲಿಗೆ ಅಂಟಿಸುವ ಹಕ್ಕು ನಮಗೆಲ್ಲಿಂದ ಬಂತು?

“ತಿಂಡಿಗೆ ಜಾತಿ ಧರ್ಮ ಉಂಟೇ? ಯಾರು ಬೇಕಾದರೂ ಮಾಡಬಹುದಲ್ಲ?” ಎಂದು ಕೆಲವರು ಕೇಳಬಹುದು. ಖಂಡಿತ ಮಾಡಬಹುದು. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ಅವರು ಕ್ರಿಸ್ಮಸ್ ಕೇಕು ತಯಾರಿಸಿದ ಕಥೆಯನ್ನು ಬೇಕರಿಯವರು ಇಂದಿಗೂ ಹೇಳುತ್ತಾರೆ. ಅವರು ಕ್ರೈಸ್ತರಲ್ಲ. ಮರ್ಡೋಕ್ ಬ್ರೌನ್ ಎಂಬ ತೋಟದ ದೊರೆ ತಂದುಕೊಟ್ಟ ಕೇಕಿನ ರುಚಿ ನೋಡಿ ಮಾಡಿದರಂತೆ. ಆದರೆ ಒಂದು ಮಾತು ಗಮನಿಸಬೇಕು. ಆ ರುಚಿ ಬಲ್ಲವರ ಎದುರಿಗಿಟ್ಟು, ಅವರು ಒಪ್ಪಿದ ಮೇಲೆಯೇ ಮುಂದುವರಿದರು. ನಾವು ಯಾರನ್ನೂ ಕೇಳಲಿಲ್ಲ. ನಮ್ಮ ತಕರಾರು ಧರ್ಮದ ಬಗ್ಗೆ ಅಲ್ಲ, ಕೆಲಸದ ಬಗ್ಗೆ. ಕುಸ್ವಾರಿಗೆ ಬೇಕಾದ ಕೈಗಳೂ ಸಮಯವೂ ದಿನಕ್ಕೆ ನೂರಾರು ಪ್ಲೇಟು ಓಡಿಸುವ ನಮ್ಮ ಅಡುಗೆಮನೆಯಲ್ಲಿ ಇಲ್ಲ.

ಮರುವರ್ಷ ಅದೇ ಗಿರಾಕಿಯವರಲ್ಲಿ ಕೇಳಿ, ಮನೆಯಲ್ಲಿ ಕುಸ್ವಾರ್ ಮಾಡಿಕೊಡುವ ಬಾಯಮ್ಮ ಒಬ್ಬರನ್ನು ಕಂಡೆವು. ಅವರು ಹೇಳಿದ ರೇಟು ಕೇಳಿ ಫರಸಾಣದ ಹೋಲ್‌ಸೇಲ್ ರೇಟು ಹೇಳಿ ಚೌಕಾಸಿಗೆ ಇಳಿದೆವು. ಅವರು ನಕ್ಕು, “ನಿಮ್ಮ ಹುಡುಗನನ್ನು ಒಂದು ದಿನ ಕಳುಹಿಸಿ. ಒಂದು ಕಿಲೊ ಸುತ್ತಲಿ. ಆಮೇಲೆ ರೇಟು ನೀವೇ ಹೇಳಿ” ಎಂದರು. ಕಳುಹಿಸಿದೆವು. ಕಿಲೊಗೆ ಹತ್ತಿರ ಹತ್ತಿರ 300 ಕಿಡಿಯೊ ಬರುತ್ತದೆಂದು ಲೆಕ್ಕ ತಂದ ಹುಡುಗ ಬೆರಳು ನೀವಿಕೊಳ್ಳುತ್ತಿದ್ದ. ಅಲ್ಲಿಗೆ ನಮ್ಮ ಚೌಕಾಸಿ ಮುಗಿಯಿತು. ಅಂದಿನಿಂದ ಅವರಿಂದಲೇ ಕೊಳ್ಳುತ್ತಿದ್ದೇವೆ. ಡಬ್ಬಿಯ ಮೇಲೆ ಅವರ ಹೆಸರೇ ಇರುತ್ತದೆ. ನಮ್ಮ ಲಾಭ ಕಡಿಮೆ, ನಿಜ. ಆದರೆ ಆ ಡಬ್ಬಿಗಾಗಿ ಬರುವವರು ಊಟವನ್ನೂ ಮಾಡಿ ಹೋಗುತ್ತಾರೆ.

ಮುಂಬಯಿ, ಪುಣೆ, ಬೇರೆ ಯಾವ ನಗರದಲ್ಲೇ ಆಗಲಿ, ಇದನ್ನು ಮಾಡಬಯಸುವ ಬಾಂಧವರಿಗೆ ಕೆಲವು ಸಲಹೆಗಳು. ಆರ್ಡರನ್ನು ನವೆಂಬರಿನಲ್ಲೇ ಕೊಡಿ. ಡಿಸೆಂಬರ್ 20ಕ್ಕೆ ಫೋನು ಮಾಡಿದರೆ ಅವರಿಗೆ ಸ್ವಂತ ಹಬ್ಬವೂ ಉಂಟು. ಹಿಟ್ಟು, ತೆಂಗಿನಕಾಯಿಗೆ ಮುಂಗಡ ಹಣ ಕೊಡಿ. ಮಾರಾಟವಾದರೆ ಮಾತ್ರ ದುಡ್ಡು, ಉಳಿದರೆ ವಾಪಸು ಎಂಬ ಕರಾರು ಬೇಡ; ಉಳಿದ ಮಾಲಿನ ನಷ್ಟ ತಾಳುವ ಶಕ್ತಿ ಅವರಿಗಿಂತ ನಮಗೆ ಹೆಚ್ಚು. ಮನೆಯಲ್ಲಿ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದಿಲ್ಲವೆಂದು ಬಾಗಿಲಿನಿಂದಲೇ ಹಿಂದೆ ಕಳುಹಿಸಬೇಡಿ. ನಮ್ಮ ಲೈಸೆನ್ಸಿನ ಕೆಲಸ ನೋಡುವವರಿಂದಲೇ ಅರ್ಜಿ ತುಂಬಿಸಿಕೊಡಿ.

ಶುದ್ಧ ಸಸ್ಯಾಹಾರಿ ಹೋಟೆಲಿನವರು ಮೊಟ್ಟೆಯ ವಿಷಯದಲ್ಲಿ ಎಚ್ಚರವಾಗಿರಬೇಕು. ಕೊಕ್ಕಿಸಾಂ, ಕಿಡಿಯೊ, ಕೇಕುಗಳಿಗೆ ಹಲವು ಮನೆಗಳಲ್ಲಿ ಮೊಟ್ಟೆ ಹಾಕುತ್ತಾರೆ. ಮೊಟ್ಟೆ ಇದ್ದ ತಿಂಡಿಗೆ ಹಸಿರು ಗುರುತು ಹಾಕುವಂತಿಲ್ಲ. ಹಾಗೆಂದು ಅವರ ಮನೆಯ ಕ್ರಮ ಬದಲಿಸಿರೆಂದು ಒತ್ತಾಯಿಸುವುದೂ ಸರಿಯಲ್ಲ. ಗುಳಿಯೊ, ನೆವ್ರಿ, ಎಳ್ಳುಂಡೆಗಳಿಗೆ ಮೊಟ್ಟೆ ಬೇಕಿಲ್ಲ. ತೆಂಗಿನ ಹಾಲಿನಲ್ಲೇ ಕಿಡಿಯೊ ಕಲಸುವ ಮನೆಗಳೂ ಇವೆ. ಕೇಳಿ ತಿಳಿದು, ಅಷ್ಟನ್ನೇ ಇಟ್ಟರೆ ಸಾಕು.

ಇನ್ನೊಂದು ಮಾತು. ಜನವರಿ 6ರ ಮೂರು ರಾಯರ ಹಬ್ಬದೊಳಗೆ ಈ ಮಾರಾಟವನ್ನು ಮುಗಿಸಿಬಿಡೋಣ. ವರ್ಷವಿಡೀ ಸಿಗುವ ತಿಂಡಿ ಹಬ್ಬದ ತಿಂಡಿಯಾಗಿ ಉಳಿಯುವುದಿಲ್ಲ.

ಊರಿನಲ್ಲಿ ಆ ತಟ್ಟೆ ನಮ್ಮ ಮನೆಗೆ ಪುಕ್ಕಟೆಯಾಗಿ ಬರುತ್ತಿತ್ತು. ಇಲ್ಲಿ ಅದನ್ನು ದುಡ್ಡಿಗೆ ಮಾರಲು ಹೊರಟಿದ್ದೇವೆ. ಮಾರುವುದು ನಮ್ಮ ಕಸುಬು, ಅದರಲ್ಲಿ ನಾಚಿಕೆಯಿಲ್ಲ. ಆದರೆ ಮಾಡಿದವರ ಹೆಸರನ್ನೂ ಅವರ ಕೈಕೆಲಸಕ್ಕೆ ತಕ್ಕ ಹಣವನ್ನೂ ಕೊಡದಿದ್ದರೆ, ನಮ್ಮ ತಾಯಂದಿರು ಎಂದೂ ಮಾಡದ ಕೆಲಸವನ್ನು ನಾವು ಮಾಡಿದಂತಾಗುತ್ತದೆ. ತಟ್ಟೆಯನ್ನು ಬರಿದಾಗಿ ಹಿಂತಿರುಗಿಸಿದಂತಾಗುತ್ತದೆ.