ಮೈಕ್ ಹಿಡಿಯೋದು ಸುಮ್ನೆ ಮಾತಲ್ಲ



ಕ್ರಿಕೆಟ್ ಆಡುವವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದನ್ನು ಟೀವಿಯಲ್ಲಿ ಕನ್ನಡದಲ್ಲಿ ವಿವರಿಸುವವರ ಬಗ್ಗೆ ಯಾರೂ ಬರೆಯೋದಿಲ್ಲ. "ಕೂತ್ಕೊಂಡು ಮಾತಾಡೋದೂ ಒಂದು ಕೆಲಸಾನಾ?" ಅಂತ ನಮ್ಮ ಕ್ಲಾಸಿನಲ್ಲೇ ಕೇಳ್ತಾರೆ. ಅದು ಕೆಲಸವೇ, ಅದೂ ಕಷ್ಟದ ಕೆಲಸ ಎಂಬುದು ನನ್ನ ಅಭಿಪ್ರಾಯ.

ವಿಜಯ್ ಭಾರದ್ವಾಜ್ ಅವರನ್ನೇ ನೋಡಿ. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕನ್ನಡಕ ಹಾಕಿಕೊಂಡೇ ಆಡುತ್ತಿದ್ದರು. 1999ರಲ್ಲಿ ಕೀನ್ಯಾದ ನೈರೋಬಿಯಲ್ಲಿ ಎಲ್‌ಜಿ ಕಪ್ ನಡೆಯಿತು. ಅಲ್ಲಿ ಭಾರತಕ್ಕೆ ಮೊದಲ ಸಲ ಆಡಿ, ಸರಣಿ ಶ್ರೇಷ್ಠ ಪ್ರಶಸ್ತಿಯನ್ನೇ ಪಡೆದರು. ಆದರೆ ಅವರಿಗೆ ಒಟ್ಟು ಸಿಕ್ಕಿದ್ದು 3 ಟೆಸ್ಟ್, 10 ಏಕದಿನ ಪಂದ್ಯ ಮಾತ್ರ. ಅಲ್ಲಿಗೆ ಅವರ ಕಥೆ ಮುಗಿಯಲಿಲ್ಲ. ತರಬೇತಿ ಕೊಟ್ಟರು, ಆಮೇಲೆ ಕನ್ನಡದ ವೀಕ್ಷಕ ವಿವರಣೆಗೆ ಬಂದರು. 2018ರಲ್ಲಿ ಐಪಿಎಲ್ ಟೀವಿಯಲ್ಲಿ ಕನ್ನಡದಲ್ಲೂ ಬಂತು. ಅವರು ಆಡಿದ್ದನ್ನು ನೋಡದ ನಮ್ಮಂಥ ಮಕ್ಕಳಿಗೂ ಈಗ ಅವರ ದನಿ ಗೊತ್ತು.

ಕಷ್ಟ ಏನು ಅಂತೀರಾ? ಲೆಕ್ಕ ಹಾಕಿ. ಟಿ20ಯಲ್ಲಿ ಒಂದು ತಂಡಕ್ಕೆ 120 ಎಸೆತ, ಎರಡೂ ಸೇರಿ 240. ಅಷ್ಟಕ್ಕೂ ಮಾತು ಬೇಕು. ರೇಡಿಯೋದಲ್ಲಾದರೆ ಚೆಂಡು ಎಲ್ಲಿಗೆ ಹೋಯಿತು ಅಂದರೂ ಸಾಕು, ಕೇಳುವವರಿಗೆ ಕಾಣಿಸಲ್ಲವಲ್ಲ. ಟೀವಿಯಲ್ಲಿ ಅದು ನಮಗೇ ಕಾಣುತ್ತೆ. ಅಲ್ಲಿ ಹೇಳಬೇಕಾದ್ದು 'ಯಾಕೆ' ಅನ್ನೋದನ್ನು.

ನಮ್ಮಜ್ಜಿ ಶಾಲೆಗೆ ಹೋದವರಲ್ಲ. ಚೆಂಡು ಕಾಲಿಗೆ ಬಡಿದರೂ ಅಂಪೈರು ಔಟ್ ಕೊಡದಿದ್ದರೆ "ಮೋಸ, ಮೋಸ" ಅಂತಿದ್ದರು. ಕನ್ನಡದಲ್ಲಿ ಕೇಳಿ ಕೇಳಿ ಈಗ ಅವರೇ "ಚೆಂಡು ಲೆಗ್ ಸ್ಟಂಪಿನ ಆಚೆ ಬಿದ್ದಿತ್ತು ಕಣೇ, ಅದು ಎಲ್‌ಬಿಡಬ್ಲ್ಯು ಅಲ್ಲ" ಅಂತ ನನಗೆ ಹೇಳ್ತಾರೆ. ಇಂಗ್ಲಿಷ್ ಬಾರದವರಿಗೂ ಆಟ ಅರ್ಥ ಆಗಬೇಕು ತಾನೇ?

ಒಂದು ತಕರಾರೂ ಇದೆ. ಕೆಲವು ಸಲ ಕಾಮೆಂಟರಿಯವರು ತಮಾಷೆ ಜಾಸ್ತಿ ಮಾಡ್ತಾರೆ, ಒಂದು ರನ್ನಿಗೂ ಕೂಗ್ತಾರೆ. ಒಂದು ರನ್ನಿಗೇ ಅಷ್ಟು ಕೂಗಿದರೆ ವಿಕೆಟ್ ಬಿದ್ದಾಗ ಏನು ಮಾಡೋದು? ಸುಮ್ಮನಿರುವುದೂ ಆ ಕೆಲಸದ ಒಂದು ಭಾಗ ಅಂತ ನನಗನಿಸುತ್ತೆ.

ಇದೆಲ್ಲ ಯಾಕೆ ಬರೆದೆ ಅಂದರೆ, ಮೈಕು ಯಾರ ಹೆಸರು ಹೇಳುತ್ತೋ ಅವರನ್ನೇ ಜನ ನೋಡ್ತಾರೆ. ಹೋದ ವರ್ಷ ಒಂದು ಕ್ರೀಡಾಕೂಟದಲ್ಲಿ ನಾವು ಹುಡುಗಿಯರು ಖೋ ಖೋ ಫೈನಲ್ ಗೆದ್ದೆವು. ಅದೇ ಹೊತ್ತಿಗೆ ಹುಡುಗರ ವಾಲಿಬಾಲ್ ಇತ್ತು. ಮೈಕಿನವರು ಪೂರ್ತಿ ಅದನ್ನೇ ಹೇಳಿದರು. ನಮ್ಮಲ್ಲಿ ಯಾರು ಎಷ್ಟು ಜನರನ್ನು ಔಟ್ ಮಾಡಿದರು ಅನ್ನೋದು ಊರಿಗೆ ಗೊತ್ತೇ ಆಗಲಿಲ್ಲ.

ಖೋ ಖೋ ಅಂದರೆ ಸಣ್ಣ ಆಟವೇ? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಮಹಿಳೆಯರು ಫೈನಲಿನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಕುರುಬೂರೂ ನಮ್ಮೂರಿನ ಹಾಗೆ ಒಂದು ಹಳ್ಳಿಯೇ.

ಅದಕ್ಕೇ ಗುರುಗಳಲ್ಲಿ ನನ್ನ ವಿನಂತಿ. ಈ ಸಲ ನಮ್ಮ ಶಾಲೆಯ ಆಟೋಟದ ದಿನ ಪ್ರತಿ ಪಂದ್ಯಕ್ಕೂ ನಮ್ಮಲ್ಲೇ ಇಬ್ಬರಿಗೆ, ಒಬ್ಬ ಹುಡುಗ ಒಬ್ಬಳು ಹುಡುಗಿಗೆ, ಮೈಕ್ ಕೊಡಿ. ಹಿಂದಿನ ದಿನವೇ ಆಡುವವರ ಹೆಸರು, ತರಗತಿ, ಆಟದ ನಿಯಮ ಬರೆದುಕೊಂಡು ಓದಿ ಬರಬೇಕು ಅಂತ ಷರತ್ತು ಹಾಕಿ. ಹುಡುಗಿಯರ ಆಟಕ್ಕೂ ಹುಡುಗರ ಆಟದಷ್ಟೇ ಮಾತು ಸಿಗಲಿ. ಯಾರೂ ಮುಂದೆ ಬರದಿದ್ದರೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ನೀವೇನಂತೀರಿ? ಕೆಳಗಿನ ಖಾಲಿ ಹಾಳೆಯಲ್ಲಿ ಬರೆಯಿರಿ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ