ಅಂತರಜಾಲದ ನಿಯಮ ರೂಪಿಸುವವರು ಮತ್ತು ವರ್ತಕರ ಹೊಣೆ

ಆಳಂದದ ತೊಗರಿ ಖರೀದಿದಾರರಿಗಾಗಲಿ, ಅಫಜಲಪುರದ ಕಬ್ಬು-ಸಕ್ಕರೆ ವ್ಯವಹಾರಸ್ಥರಿಗಾಗಲಿ, ಜೇವರ್ಗಿಯ ಬೇಳೆ ತಯಾರಕರಿಗಾಗಲಿ ಅಂತರಜಾಲವು ವಿದ್ಯುತ್ತಿನಷ್ಟೇ ಅಗತ್ಯದ ಸೌಲಭ್ಯವಾಗಿದೆ. ದರ ವಿಚಾರಣೆ, ಜಿ.ಎಸ್.ಟಿ. ರಿಟರ್ನ್, ಇ-ವೇ ಬಿಲ್, ಯು.ಪಿ.ಐ. ಪಾವತಿ ಎಲ್ಲವೂ ಅದರ ಮೂಲಕವೇ ಸಾಗುತ್ತವೆ. ವಿದ್ಯುತ್ ದರ ಏರುವಾಗ ಆಯೋಗದ ಮುಂದೆ ಆಕ್ಷೇಪಣೆ ಸಲ್ಲಿಸುವ ವಾಣಿಜ್ಯ ಸಂಸ್ಥೆಗಳು, ಅಂತರಜಾಲದ ನಿಯಮಗಳನ್ನು ಯಾರು, ಎಲ್ಲಿ ರೂಪಿಸುತ್ತಾರೆಂದು ವಿಚಾರಿಸುವುದು ಮಾತ್ರ ವಿರಳ.

ಈ ನಿಯಮಗಳು ಒಂದೇ ಸರಕಾರದ ಕೈಯಲ್ಲಿಲ್ಲ. ಜಾಲತಾಣಗಳ ಹೆಸರಿನ ವ್ಯವಸ್ಥೆಯನ್ನು 1998ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಐಕ್ಯಾನ್ ಸಂಸ್ಥೆ ನೋಡಿಕೊಳ್ಳುತ್ತದೆ. ತಾಂತ್ರಿಕ ಮಾನಕಗಳನ್ನು ಐ.ಇ.ಟಿ.ಎಫ್. ಎಂಬ ಕಾರ್ಯಪಡೆ ಸಿದ್ಧಪಡಿಸುತ್ತದೆ. ನೀತಿಯ ಚರ್ಚೆಗೆಂದು ವಿಶ್ವಸಂಸ್ಥೆ ಕರೆಯುವ ವಾರ್ಷಿಕ ವೇದಿಕೆಯ ಸಭೆ 2008ರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿಯೇ ಜರುಗಿತ್ತು. ಇಲ್ಲೆಲ್ಲ ದುಡಿಯುವವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಆದರೆ ದೊಡ್ಡ ಕಂಪನಿಗಳ ಸ್ವಯಂಸೇವಕನಿಗೆ ಸಂಬಳ, ಪ್ರಯಾಣ ಭತ್ಯೆ ಎರಡನ್ನೂ ಕಂಪನಿಯೇ ಕೊಡುತ್ತದೆ. ಆತನನ್ನು ಸ್ವಯಂಸೇವಕನೆನ್ನುವುದು ಸೌಜನ್ಯದ ಮಾತು.

ಕನ್ನಡದ ಕೆಲಸ ಹಾಗೆ ನಡೆದುದಲ್ಲ. ಜಾಲತಾಣದ ಹೆಸರನ್ನು ಭಾರತೀಯ ಲಿಪಿಗಳಲ್ಲಿ ಬರೆಯಲು ನಿಯಮ ರೂಪಿಸಿದ ನವ-ಬ್ರಾಹ್ಮಿ ಸಮಿತಿಯಲ್ಲಿ ಕನ್ನಡಕ್ಕಾಗಿ ದುಡಿದವರಲ್ಲಿ ಡಾ. ಯು. ಬಿ. ಪವನಜ ಒಬ್ಬರು. ಮುಂಬೈಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ವಿಜ್ಞಾನಿ ಹುದ್ದೆಯನ್ನು ತೊರೆದು ಗಣಕದಲ್ಲಿ ಕನ್ನಡಕ್ಕೆ ತೊಡಗಿಸಿಕೊಂಡವರು ಅವರು. ಸಮಿತಿಯ ಮುಂದಿದ್ದ ತೊಡಕು ವರ್ತಕರಿಗೆ ಸುಲಭವಾಗಿ ಅರ್ಥವಾಗುವಂಥದು. ಕನ್ನಡದ ಬ, ಲ, ಒ ಮೊದಲಾದ ಅಕ್ಷರಗಳೂ ತೆಲುಗಿನ ಅವೇ ಅಕ್ಷರಗಳೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಗಣಕಕ್ಕೆ ಮಾತ್ರ ಬೇರೆ ಬೇರೆ. ಹೈದರಾಬಾದಿನ ಪೇಟೆಯೊಡನೆ ವ್ಯವಹರಿಸುವ ಬೇಳೆ ಗಿರಣಿಯೊಂದರ ಕನ್ನಡ ಹೆಸರನ್ನು ಅದನ್ನೇ ಹೋಲುವ ತೆಲುಗು ಅಕ್ಷರಗಳಲ್ಲಿ ಬರೆದು ವಂಚಕನೊಬ್ಬ ಇನ್ನೊಂದು ತಾಣ ತೆರೆದರೆ ಗಿರಾಕಿಗೆ ಗುರುತು ಸಿಗದು. ಮುಂಗಡ ಹಣ ಅವನ ಖಾತೆಗೆ ಹೋಗುತ್ತದೆ. ಇಂಥ ಜೋಡಿಗಳನ್ನು ಪಟ್ಟಿಮಾಡಿ, ಒಂದು ಹೆಸರು ಕೊಟ್ಟ ಮೇಲೆ ಅದರ ಪ್ರತಿರೂಪ ಬೇರೆಯವರಿಗೆ ದೊರೆಯದಂತೆ ಮಾಡುವ ಕನ್ನಡದ ನಿಯಮಗಳು 2019ರಲ್ಲಿ ಐಕ್ಯಾನ್ ನಿಯಮಾವಳಿಗೆ ಸೇರಿದವು. ಅವು ಅನ್ವಯಿಸುವುದು ಹೆಸರಿನ ಕೊನೆಯ ಭಾಗಕ್ಕೆ ಮಾತ್ರ; ಚುಕ್ಕಿಗೆ ಮೊದಲು ಬರುವ ಅಂಗಡಿಯ ಹೆಸರಿನ ಕಾವಲು ಆಯಾ ನೋಂದಣಿ ವ್ಯವಸ್ಥೆಗೆ ಬಿಟ್ಟದ್ದು. ಕನ್ನಡ ಲಿಪಿಯ ಮಿಂಚಂಚೆ ವಿಳಾಸವನ್ನು ಇಂದಿಗೂ ಎಷ್ಟೋ ತಾಣಗಳು ಸ್ವೀಕರಿಸುವುದಿಲ್ಲ. ಕೆಲಸ ಇನ್ನೂ ಬಾಕಿ ಇದೆ.

ಅದನ್ನು ಮಾಡುವವರಾರು? ಈ ಮೂರು ತಾಲ್ಲೂಕುಗಳಿಂದ ಓದಿ ಹೊರಟ ಇಂಜಿನಿಯರುಗಳು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿದ್ದಾರೆ. ಬಡ್ತಿಯ ವೇಳೆ ಕಂಪನಿ ಎಣಿಸುವುದು ಪೂರೈಸಿದ ಯೋಜನೆಗಳನ್ನು. ರಾತ್ರಿ ಹನ್ನೊಂದರ ಸಮಿತಿ ಕರೆಯಲ್ಲಿ ಕಳೆದ ಹೊತ್ತನ್ನಲ್ಲ. ಐಕ್ಯಾನ್ 2007ರಿಂದ ನೀಡುತ್ತಿರುವ ಫೆಲೋಶಿಪ್ ಪ್ರಯಾಣ, ವಸತಿಯ ವೆಚ್ಚ ಭರಿಸುತ್ತದೆ, ಕಳೆದುಕೊಂಡ ರಜೆ-ಸಂಬಳವನ್ನಲ್ಲ. ಅನುಭವ, ಪರಿಚಯಗಳಿಂದ ಮುಂದೆ ಉದ್ಯೋಗಕ್ಕೆ ಅನುಕೂಲವಾಗಬಹುದೆಂಬುದು ನಿಜ. ಆದರೆ ಆ ಲಾಭಕ್ಕೆ ಕಾಯುವ ಶಕ್ತಿ ಅನುಕೂಲಸ್ಥರ ಮಕ್ಕಳಿಗಿದೆ. ಮನೆಸಾಲದ ಕಂತು ಕಟ್ಟುವ ರೈತನ ಮಗನಿಗಿಲ್ಲ. ಹೀಗಾಗಿ ಸಮಿತಿಗಳಲ್ಲಿ ಉಳಿಯುವವರು ಕಂಪನಿಯ ಪ್ರತಿನಿಧಿಗಳು, ಇಲ್ಲವೇ ನೌಕರಿಯನ್ನೇ ಬಿಟ್ಟುಕೊಟ್ಟವರು. ಪ್ರತಿ ತಲೆಮಾರಿನಲ್ಲೂ ಅಂಥ ತ್ಯಾಗ ಮಾಡುವವರು ಸಿಕ್ಕಾರೆಂದು ಕಾಯುವುದು ವ್ಯಾಪಾರಿ ಬುದ್ಧಿಯಲ್ಲ.

ಜಿಲ್ಲೆಯ ವಾಣಿಜ್ಯ ಸಂಸ್ಥೆಗಳು ಸೇರಿ ಒಬ್ಬ ಇಂಜಿನಿಯರಿಗೆ ವರ್ಷದಲ್ಲಿ ಕೆಲವು ವಾರಗಳ ಸಂಬಳ ತುಂಬಿಕೊಡುವುದು ಅಸಾಧ್ಯವೇನಲ್ಲ. ಪ್ರಯಾಣವೂ ಬೇಕಿಲ್ಲ, ಐಕ್ಯಾನ್, ಐ.ಇ.ಟಿ.ಎಫ್. ಎರಡರ ಸಭೆಗಳಲ್ಲೂ ದೂರದಿಂದಲೇ ಭಾಗವಹಿಸಬಹುದು. ಸಭೆಯಿಂದ ಸಭೆಗೆ ಹಾರಿ ಛಾಯಾಚಿತ್ರದೊಂದಿಗೆ ಮರಳುವವರೂ ಇರುತ್ತಾರಾದ್ದರಿಂದ, ಪ್ರತಿ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ವರದಿ ಕೊಡಬೇಕೆಂಬ ಷರತ್ತನ್ನು ಮೊದಲೇ ಹಾಕತಕ್ಕದ್ದು. ಆ ವರದಿ ಆಳಂದದ ಅಡತಿ ಅಂಗಡಿಯಲ್ಲಿ ಓದಿದರೆ ಅರ್ಥವಾಗುವಂತಿರಬೇಕು.